ಸಾರಮ್ಮನ ಅಂಗಳದಲ್ಲಿದ್ದ ಮುರಿದ ಹಲಗೆ

ಮಂಗಳೂರಿನ ಕುದ್ರೋಳಿಯ ದೇಯಿಯ ಮನೆಯಲ್ಲಿ ಒಂದು ಮಾತಿಗೆ ಪ್ರವೇಶವಿರಲಿಲ್ಲ. ಆ ಮಾತು ‘ಮುಳುಗು’. ಬಾವಿಗೆ ಕೊಡಪಾನ ಬಿದ್ದರೆ ‘ಕೊಡಪಾನ ಒಳಗೆ ಹೋಯಿತು’ ಎನ್ನಬೇಕು. ಹೊತ್ತು ಮುಳುಗಿತು ಎನ್ನುವ ಹಾಗಿಲ್ಲ, ಕತ್ತಲಾಯಿತು ಎಂದರೆ ಸಾಕು. ಬಂದ ನೆಂಟರು ಬಾಯಿ ತಪ್ಪಿ ಆ ಮಾತು ಆಡಿದರೋ, ದೇಯಿ ಅವರ ಎಲೆಯ ಕಡೆಗೆ ಎರಡನೆಯ ಸಲ ಮೀನಿನ ಪಾತ್ರೆ ತರುತ್ತಿರಲಿಲ್ಲ.

ನಗಬೇಡಿ. ಇದು ಬ್ರಿಟಿಷರು ಆಳುತ್ತಿದ್ದ ಕಾಲದ ಕಥೆ. ಆಗ ನಮ್ಮ ಕಡಲಿನಲ್ಲಿ ಇಂಜಿನ್ನಿನ ಬೋಟುಗಳಿರಲಿಲ್ಲ. ಮಂಗಳೂರಿನ ಹಂಚು ಮಂಜಿಯಲ್ಲಿ, ಅಂದರೆ ಹಾಯಿಯ ಮೇಲೆ ನಡೆಯುವ ದೊಡ್ಡ ಮರದ ಹಡಗಿನಲ್ಲಿ, ಬೊಂಬಾಯಿಗೆ ಹೋಗುತ್ತಿತ್ತು. ದೇಯಿಯ ಗಂಡನೂ ಹಾಗೆಯೇ ಹಂಚು ತುಂಬಿಕೊಂಡು ಹೋಗಿದ್ದ. ಹೋದವನು ಬರಲಿಲ್ಲ. ಮಗ ಇನ್ನೊಬ್ಬರ ಹಡಗಿನಲ್ಲಿ ಕೂಲಿಯಾಳಾಗಬಾರದು ಎಂದು ದೇಯಿ ಮೈಮೇಲಿನ ಚಿನ್ನವನ್ನೂ ಹಿತ್ತಿಲಿನ ತೆಂಗಿನ ಮರಗಳನ್ನೂ ಮಾರಿ ಒಂದು ಮಂಜಿ ಕಟ್ಟಿಸಿದಳು. ಅದಕ್ಕೆ ಏನಾದರೂ ಆದರೆ ಇನ್ನೊಂದು ಕಟ್ಟಿಸಲು ಆ ಮನೆಯಲ್ಲಿ ಮಾರುವಂಥದ್ದು ಏನೂ ಉಳಿದಿರಲಿಲ್ಲ.

ಮಗ ಮಾಯಿಲಪ್ಪ ಅದೇ ಮಂಜಿಯನ್ನು ನಡೆಸುವ ತಂಡೇಲನಾದ. ಒಳ್ಳೆಯ ಹುಡುಗ, ಆದರೆ ಮಾತಾಡುವ ಹೊತ್ತುಗೊತ್ತು ತಿಳಿಯದವನು. ಒಂದು ದಿನ ಊಟದ ನಡುವೆ, ಬಂದರಿನಲ್ಲಿ ಎಲ್ಲರೂ ಹಡಗಿಗೆ ವಿಮೆ ಮಾಡಿಸುತ್ತಿದ್ದಾರೆ, ನಾವೂ ಮಾಡಿಸೋಣ ಎಂದ. ವಿಮೆ ಎಂದರೆ ಎಂತದ್ದು ಎಂದು ದೇಯಿ ಕೇಳಿದಳು. ವರ್ಷಕ್ಕಿಷ್ಟು ಎಂದು ಕಂಪೆನಿಗೆ ಕಟ್ಟುವುದು, ಹಡಗು ಮುಳುಗಿದರೆ ಅವರು ಹಣ ಕೊಡುವುದು ಎಂದು ಮಗ ಬಿಡಿಸಿ ಹೇಳಿದ. ದೇಯಿ ಅನ್ನದ ಸಟ್ಟುಗ ಕೆಳಗಿಟ್ಟಳು.

“ನೀನು ಹೋಗುವ ಹಡಗು ಹಾಗಾಗಲಿ ಎಂದು ನಾನು ಹಣ ಕಟ್ಟಬೇಕಾ?” ಎಂದಳು. ಊಟ ಮುಗಿಯುವವರೆಗೂ ಮಗನನ್ನು ಬಯ್ದಳು.

ಆಚೆ ಮನೆಯ ಸಾರಮ್ಮನ ಕಿವಿಗೆ ಇದು ಬಿತ್ತು. ಎರಡು ಮನೆಗಳ ನಡುವೆ ಇದ್ದದ್ದು ಒಂದು ದಾಸವಾಳದ ಬೇಲಿ. ದೇಯಿ ಮಗನನ್ನು ಬಯ್ದರೆ ಅರ್ಧ ಕುದ್ರೋಳಿಗೇ ಕೇಳುತ್ತಿತ್ತು. ಸಾರಮ್ಮನ ಗಂಡ ಅಹ್ಮದ್ ಬಾವನಿಗೂ ಮೊದಲು ಒಂದು ಮಂಜಿ ಇತ್ತು. ಈಗ ಅವನು ಬಂದರಿನಲ್ಲಿ ಹಗ್ಗ, ಸುತ್ತಿಗೆ, ಮೊಳೆಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಮಂಜಿ ಎಂತಾಯಿತು ಎಂದು ದೇಯಿ ಎಂದೂ ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಆ ಮಾತು ಬಂದುಬಿಡುತ್ತದೋ ಎಂಬ ಭಯ.

ಸಾರಮ್ಮ ಎಲೆ ಅಡಿಕೆಯ ತಟ್ಟೆ ಎಳೆದುಕೊಂಡು ದೇಯಿಯ ಜಗಲಿಯಲ್ಲಿ ಕೂತು, ಅವಸರವಿಲ್ಲದೆ ಮಾತು ತೆಗೆದಳು. ರಾತ್ರಿ ಬಾಗಿಲಿಗೆ ಅಗಳಿ ಯಾಕೆ ಹಾಕ್ತೀರಿ ದೇಯಿಯಕ್ಕ ಎಂದು ಕೇಳಿದಳು. ಕಳ್ಳ ಬಾರದೆ ಇರಲಿಕ್ಕೆ ಎಂದಳು ದೇಯಿ.

“ಅಗಳಿ ಹಾಕಿದ್ರೆ ಕಳ್ಳನನ್ನು ಕರೆದ ಹಾಗೆ ಆಗ್ತದಾ? ಇಲ್ಲ ಅಲ್ವಾ? ವಿಮೆಯೂ ಅಷ್ಟೇ ಅಕ್ಕ. ಕಡಲು ನಮ್ಮ ಪಾಲಿಸಿ ಓದಿ ಗಾಳಿ ಬೀಸುವುದಿಲ್ಲ.”

ಆಮೇಲೆ ಸಾರಮ್ಮ ತನ್ನ ಮನೆಯ ಕಥೆ ಹೇಳಿದಳು. ಅಹ್ಮದ್ ಬಾವನೂ ವಿಮೆ ಮಾಡಿಸಿದ್ದನಂತೆ. ಎರಡು ಬಗೆಯ ವಿಮೆಯಲ್ಲಿ ಅಗ್ಗದ್ದನ್ನು ಆರಿಸಿಕೊಂಡು, ಕಂಪೆನಿಯವರಿಗೇ ಟೋಪಿ ಹಾಕಿದೆ ಎಂದು ಬೀಗಿದ್ದನಂತೆ. ಗಾಳಿಗೆ ಹಾಯಿ ಕಟ್ಟುವ ಕೂವೆಮರ ಮುರಿದು, ಹೊಟ್ಟೆಯ ಹಲಗೆ ಬಿರಿದು, ಮಂಜಿ ಹೇಗೋ ಏದುಸಿರು ಬಿಡುತ್ತಾ ದಡ ಸೇರಿತು. ಹಣ ಕೇಳಲು ಹೋದರೆ, ಪೂರ್ತಿ ಹೋದರೆ ಮಾತ್ರ ಈ ಪಾಲಿಸಿ, ಮುರಿದದ್ದಕ್ಕೆಲ್ಲ ಇಲ್ಲ ಎಂದರು. ರಿಪೇರಿಗೆ ಕೈಯಲ್ಲಿ ಕಾಸಿಲ್ಲದೆ ಮಂಜಿಯನ್ನು ಸೌದೆಯ ಬೆಲೆಗೆ ಮಾರಬೇಕಾಯಿತು.

“ದಡ ಸೇರಿದ್ದೇ ನಮ್ಮ ತಪ್ಪಾಯ್ತು ನೋಡಿ” ಎಂದು ಸಾರಮ್ಮ ನಕ್ಕಳು. ದೇಯಿಗೆ ನಗು ಬರಲಿಲ್ಲ. ಇಷ್ಟು ವರ್ಷ ಬೇಲಿಯ ಆಚೆ ಇಷ್ಟು ದೊಡ್ಡ ನಷ್ಟ ಮೌನವಾಗಿ ಕೂತಿತ್ತಲ್ಲ ಎಂದು ಅವಳಿಗೆ ಬೇಸರವಾಯಿತು.

ವಿಮೆಗೆ ಅವಳು ಒಪ್ಪಿದಳು, ಮರುದಿನ ದೇಯಿ, ಮಾಯಿಲಪ್ಪ, ಸಾರಮ್ಮ ಮೂವರೂ ಬಂದರಿಗೆ ಹೋದರು. ಬೊಂಬಾಯಿ ಕಂಪೆನಿಯ ಏಜೆಂಟ ಮೋಹನದಾಸ್ ಮೇಜಿನ ಹಿಂದೆ ಬೀಸಣಿಗೆ ಹಿಡಿದು ಕೂತಿದ್ದ. ಅವನು ಮೊದಲಿಗೆ ಅಗ್ಗದ ಪಾಲಿಸಿಯನ್ನೇ ಎತ್ತಿದ. ಕಡಿಮೆ ಕಂತು, ದೊಡ್ಡ ಮೊತ್ತ ಎಂದೆಲ್ಲ ಹೊಗಳುತ್ತಾ, ಅಕಸ್ಮಾತ್ ಹಡಗು ಮುಳುಗಿದರೆ ಎಂದು ಬಾಯಿ ತೆರೆದ. ದೇಯಿ ಕೈ ಅಡ್ಡ ಹಿಡಿದಳು.

“ಆ ಮಾತು ನನ್ನ ಮುಂದೆ ಬೇಡ ಏಜೆಂಟರೇ. ಹಾಗೆ ಆಗದಿದ್ದರೆ ಎಂತ ಕೊಡ್ತೀರಿ, ಅದನ್ನು ಹೇಳಿ.”

ಮೋಹನದಾಸ್ ಬೀಸಣಿಗೆ ನಿಲ್ಲಿಸಿದ. ಹಾಗೆ ಆಗದಿದ್ದರೆ ಈ ಪಾಲಿಸಿಯಲ್ಲಿ ಏನೂ ಇಲ್ಲ ಎಂದು ಒಪ್ಪಿಕೊಂಡ. ಹಾಗಾದರೆ ಇದು ಬೇಡ, ಇನ್ನೊಂದು ತೆಗೆಯಿರಿ ಎಂದಳು ದೇಯಿ. ಮಾಯಿಲಪ್ಪ ಸಾರಮ್ಮನ ಮುಖ ನೋಡಿದ. ಬಾಯಲ್ಲಿ ಬಾರದ ಒಂದು ಮಾತಿನ ದೆಸೆಯಿಂದ ಅವನ ಅಮ್ಮ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿಬಿಟ್ಟಿದ್ದಳು.

ಇನ್ನೊಂದು ಪಾಲಿಸಿಗೆ ಕಂತು ಸ್ವಲ್ಪ ಜಾಸ್ತಿ. ಆದರೆ ಹಲಗೆ ಬಿರಿದರೂ, ಚುಕ್ಕಾಣಿ ಮುರಿದರೂ ಪರಿಹಾರ ಉಂಟು. ಅಳಿವೆಯಲ್ಲಿ ಆದರೆ ಎಂದು ಸಾರಮ್ಮ ಕೇಳಿದಳು. ಹೊಳೆ ಕಡಲು ಸೇರುವ ಆ ಬಾಯಿಯಲ್ಲೇ ತಾನೇ ಮರಳ ದಿಬ್ಬಕ್ಕೆ ತಾಗಿ ಹೆಚ್ಚಿನ ಹಡಗುಗಳು ಪೆಟ್ಟು ತಿನ್ನುವುದು? ಅದನ್ನೂ ಸೇರಿಸಿಯೇ ಬರೆಸಿಕೊಂಡರು. ಮಳೆಗಾಲಕ್ಕೆ ಮುಂಚೆ ಕಂಪೆನಿ ಹೇಳಿದ ತಾರೀಕಿನೊಳಗೆ ಮಂಜಿ ಬಂದರು ಸೇರಿರಬೇಕು, ಪ್ರತಿವರ್ಷ ಹಲಗೆಯ ಸಂದು ತುಂಬಿ ಮೀನೆಣ್ಣೆ ಹಚ್ಚಬೇಕು ಎಂಬ ಷರತ್ತುಗಳನ್ನು ಮೋಹನದಾಸ್ ಓದಿ ಹೇಳಿದ. ಏನಾದರೂ ಆದರೆ ಆ ದಿನವೇ ತಿಳಿಸಿ, ಮುರಿದದ್ದನ್ನು ನಷ್ಟ ಅಳೆಯುವ ಸರ್ವೇಯರ್ ನೋಡುವವರೆಗೆ ಹಾಗೆಯೇ ಇಡಿ ಎಂದೂ ಹೇಳಿದ. ಆ ಕೊನೆಯ ಮಾತು ಸಾರಮ್ಮನ ಕಿವಿಯಲ್ಲಿ ಉಳಿಯಿತು. ದೇಯಿ ಅಷ್ಟು ಹೊತ್ತಿಗೆ ಮನೆಗೆ ಹೊರಟು ನಿಂತಿದ್ದಳು.

ಆ ಬೇಸಗೆಯ ಕೊನೆಯ ಪಯಣ ಮುಗಿಸಿ, ಕಂಪೆನಿಯ ತಾರೀಕಿಗೆ ಮುಂಚೆಯೇ ಮಾಯಿಲಪ್ಪ ಹಿಂದೆ ಬಂದ. ಊರು ಕಣ್ಣಿಗೆ ಕಾಣುತ್ತಿತ್ತು. ಅಳಿವೆ ದಾಟುವಾಗ ಗಾಳಿ ತಿರುಗಿ ಮಂಜಿ ದಿಬ್ಬಕ್ಕೆ ಅಡ್ಡ ಬಿತ್ತು. ಚುಕ್ಕಾಣಿ ಮುರಿಯಿತು, ಪಕ್ಕದ ಹಲಗೆಗಳು ಸೀಳಿದವು. ಹೊಳೆಯ ಆಚೆ ದಡದ ಬೆಂಗರೆಯ ದೋಣಿಯವರು ಹಗ್ಗ ಹಾಕಿ ಎಳೆದು ಮಂಜಿಯನ್ನು ಕುದ್ರೋಳಿಯ ಹೊಳೆದಡಕ್ಕೆ ಮುಟ್ಟಿಸಿದರು. ಆಳುಗಳಲ್ಲಿ ಯಾರಿಗೂ ಒಂದು ಗೀರು ಗಾಯವಿಲ್ಲ. ದೇಯಿ ಮಗನ ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿ, ದೇವರಿಗೆ ಕೈಮುಗಿದು, ಬೆಂಗರೆಯವರಿಗೂ ಹಾಗೆಯೇ ಕೈಮುಗಿದಳು.

ಆಮೇಲೆ ಅವಳಿಗೆ ಮಾಡಬೇಕಾದ ಕೆಲಸ ನೆನಪಾಯಿತು. ಅವರ ಮನೆತನದಲ್ಲಿ ಒಂದು ಕ್ರಮ ಇತ್ತು. ಕಡಲಿನಲ್ಲಿ ಮುರಿದ ಹಲಗೆಯನ್ನು ಮನೆಗೆ ತರಬಾರದು. ನೀರು ಕಡಲಿಗೆ ಇಳಿಯುವ ಮೊದಲ ಇಳಿತದಲ್ಲೇ ತೆಂಗಿನಕಾಯಿ, ಹೂವಿನ ಜೊತೆ ನೀರಿಗೆ ಬಿಡಬೇಕು. ಅದರ ಜೊತೆ ಹಡಗಿನ ದೋಷವೂ ಹೋಗುತ್ತದೆ. ಗಂಡ ಕೊನೆಯ ಸಲ ಹೊರಡುವ ಮುಂಚೆ ಮುರಿದ ಒಂದು ಹಲಗೆಯನ್ನು ಗಟ್ಟಿ ಮರ ಎಂದು ದನದ ಹಟ್ಟಿಗೆ ಅಡ್ಡಪಟ್ಟಿಯಾಗಿ ಹೊಡೆದಿದ್ದ. ಅವನು ಬಾರದೆ ಹೋದದ್ದು ಅದಕ್ಕೇ ಎಂದು ದೇಯಿ ನಂಬಿದ್ದಳು. ಈ ನಂಬಿಕೆಯನ್ನು ಅವಳು ಯಾರೊಡನೆಯೂ ಹೇಳಿಕೊಂಡಿರಲಿಲ್ಲ.

ಅವಳು ಸೀಳಿ ಕಳಚಿದ್ದ ಒಂದು ಹಲಗೆಯನ್ನು ಎಳೆದುಕೊಂಡು ಮೊಣಕಾಲು ನೀರಿಗೆ ಇಳಿದಳು. ಇಳಿತ ಶುರುವಾಗಿತ್ತು. ಅಷ್ಟರಲ್ಲಿ ಸಾರಮ್ಮ ಓಡಿ ಬಂದು, ಸೀರೆ ಒದ್ದೆಯಾಗುವುದನ್ನೂ ನೋಡದೆ ನೀರಿಗಿಳಿದು ಹಲಗೆಯ ಇನ್ನೊಂದು ತುದಿ ಹಿಡಿದಳು.

“ಬಿಡಬೇಡಿ ಅಕ್ಕ. ಇದನ್ನು ಸರ್ವೇಯರ್ ನೋಡ್ಬೇಕು. ಇದು ಹೋದ್ರೆ ಹೊಸ ಪೆಟ್ಟು ಎಂದು ತೋರಿಸಲಿಕ್ಕೆ ನಮ್ಮ ಹತ್ರ ಎಂತ ಉಂಟು?”

“ಹಡಗು ಹೋಗಲಿ ಸಾರಮ್ಮ” ಎಂದಳು ದೇಯಿ. “ಆ ಸಲ ಹಲಗೆ ಇಟ್ಟುಕೊಂಡೆವು, ಅವರು ಬರಲಿಲ್ಲ. ಈಗ ಇದನ್ನೂ ಇಟ್ಟುಕೊಂಡು ಮಗನನ್ನು ಕಳಿಸಲಾ?”

ಸಾರಮ್ಮ ಹಲಗೆಯ ತುದಿಯನ್ನು ಬಿಡಲಿಲ್ಲ. ಮೂಢನಂಬಿಕೆ ಎಂದು ಬುದ್ಧಿ ಹೇಳಬಹುದಿತ್ತು. ಹೇಳಲಿಲ್ಲ, ಅದಕ್ಕೇ ನನಗೆ ಅವಳ ಮೇಲೆ ಇಷ್ಟು ಗೌರವ.

“ನಿಮ್ಮ ಮನೆಗೆ ತರುವುದು ಬೇಡ” ಎಂದಳು. “ನನ್ನ ಅಂಗಳದಲ್ಲಿ ಇರಲಿ. ದೋಷ ಉಂಟಾದರೆ ನನಗೇ ಇರಲಿ. ಸರ್ವೇಯರ್ ನೋಡಿ ಹೋದ ಮೇಲೆ ಇಬ್ಬರೂ ಬಂದು ಬಿಡುವ. ಕಡಲು ಇಲ್ಲೇ ಉಂಟಲ್ಲ ಅಕ್ಕ, ಎಲ್ಲಿಗೂ ಹೋಗುವುದಿಲ್ಲ.”

ದೇಯಿಯ ಕೈ ಸಡಿಲವಾಯಿತು. ಹಲಗೆ ಬೇಲಿ ದಾಟಿ ಸಾರಮ್ಮನ ಅಂಗಳದಲ್ಲಿ, ಕೋಳಿಗೂಡಿನ ಪಕ್ಕ ಒರಗಿತು.

ಆ ಸಂಜೆಯೇ ಮಾಯಿಲಪ್ಪ ಏಜೆಂಟನಿಗೆ ಸುದ್ದಿ ಮುಟ್ಟಿಸಿದ. ಬಂದರು ಕಚೇರಿಗೆ ಹೋಗಿ ಎಲ್ಲಿ, ಹೇಗೆ ಆಯಿತು ಎಂದು ಹೇಳಿಕೆ ಬರೆಸಿದ. ಬಡಗಿಯನ್ನು ಕರೆದು ರಿಪೇರಿಗೆ ಕೈಹಚ್ಚಲಿಲ್ಲ. ಹಾಗೆಂದು ಮಂಜಿಯನ್ನು ಅದರ ಪಾಡಿಗೂ ಬಿಡಲಿಲ್ಲ. ನೀರು ನುಗ್ಗಿ ಇನ್ನಷ್ಟು ಹಾಳಾಗದ ಹಾಗೆ ಸೀಳಿಗೆ ಗೋಣಿ ತುರುಕಿ, ದಡಕ್ಕೆ ಬಿಗಿದು ಕಟ್ಟಿದ. ದಿಬ್ಬ ತಾಗಿ ಆದ ಹಾನಿಗೆ ಕಂಪೆನಿ ಕೊಟ್ಟೀತು, ನಮ್ಮ ಉದಾಸೀನದಿಂದ ಬೆಳೆದ ಹಾನಿಗೆ ಕೊಡುವುದಿಲ್ಲ ಎಂದು ಅಹ್ಮದ್ ಬಾವ ಅಂಗಡಿಯಿಂದಲೇ ಹೇಳಿ ಕಳಿಸಿದ್ದ.

ಸರ್ವೇಯರ್ ಬಂದ. ಗಂಟುಮೋರೆಯ ಮನುಷ್ಯ, ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ಮಂಜಿಯ ಸುತ್ತ ತಿರುಗಿ, ಹಲಗೆ ಹಳೆಯದಾಗಿ ಕೊಳೆತು ಕುಂಬಾಗಿರಬೇಕು, ದಿಬ್ಬಕ್ಕೆ ತಾಗಿದ್ದಕ್ಕೆ ಇಷ್ಟು ಸೀಳುತ್ತದಾ ಎಂದ. ಸಾರಮ್ಮ ಮನೆಗೆ ಹೋಗಿ ಹಲಗೆ ಹೊರಿಸಿಕೊಂಡು ಬಂದಳು. ಸೀಳಿದ ಕಡೆ ಮರ ಕೆಂಪಗೆ, ಗಟ್ಟಿಯಾಗಿ, ಹೊಸದಾಗಿತ್ತು. ಅವನು ಉಗುರಿನಿಂದ ಕೆರೆದು ನೋಡಿ ಬರೆದುಕೊಂಡ.

ಚುಕ್ಕಾಣಿಯ ಹತ್ತಿರ ಇನ್ನೊಂದು ಹಲಗೆಯೂ ಬಿಟ್ಟುಕೊಂಡಿತ್ತು. ಅದನ್ನೂ ಸೇರಿಸಲು ಸರ್ವೇಯರ್ ಪೆನ್ಸಿಲ್ ಎತ್ತಿದಾಗ ಮಾಯಿಲಪ್ಪ ಸುಮ್ಮನಿದ್ದ. ದೇಯಿ ಸುಮ್ಮನಿರಲಿಲ್ಲ.

“ಅದು ಮೊದಲೇ ಹುಳ ತಿಂದದ್ದು. ಈ ಮಳೆಗಾಲ ಬದಲಿಸುವ ಅಂತ ಇದ್ದೆವು. ಅದನ್ನು ಬರೆಯಬೇಡಿ.”

ಸರ್ವೇಯರ್ ಮೊದಲ ಸಲ ಅವಳ ಮುಖ ನೋಡಿದ. ಆಮೇಲೆ ಅವನು ಉಳಿದ ಪೆಟ್ಟುಗಳ ಬಗ್ಗೆ ಒಂದು ಅಡ್ಡಪ್ರಶ್ನೆಯನ್ನೂ ಕೇಳಲಿಲ್ಲ.

ಹಣ ಮರುದಿನವೇ ಬಂತು ಎಂದು ನಾನು ಸುಳ್ಳು ಹೇಳುವುದಿಲ್ಲ. ಮಾಯಿಲಪ್ಪ ಮಳೆಯಲ್ಲಿ ಕೊಡೆ ಹಿಡಿದು ಏಜೆಂಟನ ಮೆಟ್ಟಿಲು ಹತ್ತಿ ಇಳಿದ. ಮೊದಲ ಸ್ವಲ್ಪ ಭಾಗವನ್ನು ಮಾಲೀಕರೇ ಹೊರಬೇಕು ಎಂಬ ಷರತ್ತಿನಂತೆ ಕಂಪೆನಿ ಅಷ್ಟು ಮುರಿದುಕೊಂಡಿತು. ಆದರೆ ಹಣ ಬಂತು. ಜೋರು ಮಳೆಯ ಆಟಿ ತಿಂಗಳು ಮುಗಿಯುವ ಮೊದಲೇ ಹೊಸ ಹಲಗೆ, ಹೊಸ ಚುಕ್ಕಾಣಿಯೊಡನೆ ಮಂಜಿ ಮೀನೆಣ್ಣೆಯ ವಾಸನೆ ಬೀರುತ್ತಾ ನಿಂತಿತು. ಮನೆಯಲ್ಲಿ ಯಾರೂ ಯಾರ ಕಾಲೂ ಹಿಡಿಯಬೇಕಾಗಲಿಲ್ಲ.

ನೂಲ ಹುಣ್ಣಿಮೆಯ ದಿನ ಕಡಲಿಗೆ ಹಾಲು ಹೊಯ್ದು ಕಾಯಿ ಬಿಡಲು ಊರವರೆಲ್ಲ ಹೊರಟರು. ದೇಯಿ ಬೇಲಿಯ ಬಳಿ ನಿಂತು ಸಾರಮ್ಮನನ್ನು ಕರೆದಳು. ಹಣ ಬಂದು ರಿಪೇರಿ ಮುಗಿಯುವವರೆಗೆ ಇರಲಿ ಎಂದು ಹಲಗೆಯನ್ನು ಇಟ್ಟುಕೊಂಡಿದ್ದರು. ಇಷ್ಟು ದಿನ ಆ ಅಂಗಳದಲ್ಲಿ ಹಲಗೆಯ ಮೇಲೆ ಕೋಳಿ ಕೂತಿತ್ತು, ಬಟ್ಟೆ ಒಣಗಿತ್ತು. ಆ ಮನೆಯಲ್ಲಿ ಯಾರಿಗೂ ಒಂದು ಶೀತವೂ ಆಗಿರಲಿಲ್ಲ. ದೇಯಿ ಪ್ರತಿದಿನ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದೇ ಅದನ್ನು.

ಇಬ್ಬರೂ ಹಲಗೆಯನ್ನು ಹೊತ್ತು ಹೊಳೆಯ ನೀರಿಗಿಳಿದರು.

“ನನ್ನ ಭಯವನ್ನು ನೀನು ಹೊತ್ತುಕೊಂಡೆ ಸಾರಮ್ಮ” ಎಂದಳು ದೇಯಿ. “ಒಡಹುಟ್ಟಿದ ತಂಗಿಯೂ ಹಾಗೆ ಮಾಡುತ್ತಿರಲಿಲ್ಲ. ನಿನ್ನ ಋಣ ನಾನು ತೀರಿಸಲಿಕ್ಕಿಲ್ಲ.”

“ಒಳ್ಳೆ ಕಥೆ” ಎಂದಳು ಸಾರಮ್ಮ. ಅವಳ ಕಣ್ಣೂ ಒದ್ದೆಯಾಗಿತ್ತು. “ನಮ್ಮ ಕೋಳಿಗೆ ಕೂರಲಿಕ್ಕೆ ಜಾಗ ಆಗಿತ್ತು ಅಕ್ಕ.”

ಇಬ್ಬರೂ ಕೈ ಬಿಟ್ಟರು. ಹಲಗೆ ಒಂದು ಸಲ ನೀರೊಳಗೆ ಹೋಗಿ, ಮೇಲೆ ಬಂದು, ಇಳಿತದ ಜೊತೆ ಅಳಿವೆಯ ಕಡೆಗೆ ತೇಲಿಹೋಯಿತು. ದೇಯಿ ಕಣ್ಣಿನ ಮೇಲೆ ಕೈ ಹಿಡಿದು ಅದು ಚುಕ್ಕೆಯಾಗುವವರೆಗೆ ನೋಡಿದಳು.

“ಮುಳುಗಲಿಲ್ಲ ನೋಡು” ಎಂದಳು.

ಸಾರಮ್ಮ ತಿರುಗಿ ಅವಳ ಮುಖ ನೋಡಿದಳು. ಆ ಮಾತು ದೇಯಿಯ ಬಾಯಿಂದ ಬಂದದ್ದನ್ನು ಅವಳು ಆ ದಿನವೇ ಮೊದಲು ಕೇಳಿದ್ದು. ಇಬ್ಬರೂ ಒದ್ದೆ ಸೀರೆಯಲ್ಲಿ ಮನೆಗೆ ಬಂದರು. ಮರುವಾರ ಮಾಯಿಲಪ್ಪ ಹಂಚು ತುಂಬಿದ.

ಬೋಟಿನ ಮಾಲೀಕರೇ, ಮನೆಯಲ್ಲಿ ದಾರಿ ಕಾಯುವ ಅಕ್ಕ ತಂಗಿಯರೇ, ನಿಮ್ಮದು ಮರದ ದೋಣಿಯಾಗಲಿ, ಇಂಜಿನ್ನಿನ ಬೋಟಾಗಲಿ, ಅದಕ್ಕೆ ವಿಮೆ ಮಾಡಿಸಿ. ಅಗ್ಗ ಎಂದು ಕಣ್ಣು ಮುಚ್ಚಿ ರುಜು ಹಾಕಬೇಡಿ. ಅರ್ಧ ಮುರಿದರೆ ಎಂತ, ಅಳಿವೆಯಲ್ಲಾದರೆ ಎಂತ, ಯಾವ ತಾರೀಕಿನವರೆಗೆ, ನಮ್ಮ ಪಾಲು ಎಷ್ಟು ಎಂದು ಬಾಯಿಬಿಟ್ಟು ಕೇಳಿ. ಪೆಟ್ಟಾದರೆ ಮೊದಲು ಜೀವ ನೋಡಿ, ಆಮೇಲೆ ಬೋಟು ಇನ್ನಷ್ಟು ಹಾಳಾಗದ ಹಾಗೆ ನೋಡಿ, ಅದೇ ದಿನ ಸುದ್ದಿ ಕೊಡಿ. ಸರ್ವೇಯರ್ ಬರುವ ಮುಂಚೆ ರಿಪೇರಿ ಮಾಡಿಸಬೇಡಿ, ಮುರಿದದ್ದನ್ನು ಎಸೆಯಬೇಡಿ. ಹಳೆಯದನ್ನು ಹೊಸದೆಂದು ಹೇಳಬೇಡಿ.

ಇನ್ನೊಂದು ಮಾತು. ನಿಮ್ಮ ಬೇಲಿಯ ಆಚೆಗೂ ಹೆದರಿ ಕೂತ ಒಬ್ಬ ದೇಯಿ ಇರಬಹುದು. ಅವಳನ್ನು ನೋಡಿ ನಗಬೇಡಿ. ಎಲೆ ಅಡಿಕೆಯ ತಟ್ಟೆ ಎಳೆದುಕೊಂಡು ಅವಳ ಜಗಲಿಯಲ್ಲಿ ಕೂತುಕೊಳ್ಳಿ. ಬೇಕಾದರೆ ಅವಳ ಹಲಗೆಯನ್ನು ನಾಲ್ಕು ದಿನ ನಿಮ್ಮ ಅಂಗಳದಲ್ಲಿ ಇಟ್ಟುಕೊಳ್ಳಿ.