ಎಸಿಗೆ ಹೊಲಿದ ಅಂಗಿ

ನನ್ನ ತಮ್ಮ ದರ್ಜಿ. ಕೈಗೆ ಬಟ್ಟೆ ಸಿಕ್ಕರೆ ಸುಮ್ಮನೆ ಕೂರುವ ಪೈಕಿ ಅಲ್ಲ. ಮಿಕ್ಸಿಗೆ ಅಂಗಿ, ಟಿವಿಗೆ ಅಂಗಿ, ಹೊಲಿಗೆ ಯಂತ್ರಕ್ಕೂ ಒಂದು ಅಂಗಿ. ನಾವೆಲ್ಲ ನಗುತ್ತಿದ್ದೆವು. ಈಗ ನನಗೆ ನಗು ಬರುವುದಿಲ್ಲ.

ನಾನು ಆಸ್ಪತ್ರೆಯಲ್ಲಿ ನರ್ಸ್. ಆ ಮಧ್ಯಾಹ್ನ ಉರಿಬಿಸಿಲಿನಲ್ಲಿ ಅಮ್ಮನನ್ನು ನೋಡಲು ತಮ್ಮನ ಮನೆಗೆ ಹೋದೆ. ತಮ್ಮ ಮುಂದಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಹೊಲಿಯುತ್ತಿದ್ದ. ಅಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ಸಂದಿಗೂ ಬಟ್ಟೆಚೂರು ತುರುಕಿದ್ದ.

"ತೆಗೀಬೇಡಕ್ಕಾ, ತಂಪೆಲ್ಲ ಹೊರಗೆ ಹೋಗುತ್ತೆ."

ತೆಗೆದೆ. ಒಲೆಯ ಮುಂದೆ ನಿಂತ ಹಾಗಾಯಿತು. ಎಸಿ ಗೊರಗೊರ ಎನ್ನುತ್ತ ಬರೀ ಬಿಸಿಗಾಳಿ ಊದುತ್ತಿತ್ತು. ಅಮ್ಮನ ಮೈ ಕೆಂಡ. ಅರೆಗಣ್ಣು ತೆರೆದು ನನ್ನನ್ನೇ ನೋಡಿ, "ಯಾರಮ್ಮಾ ನೀನು?" ಎಂದಳು.

ಹೆತ್ತವಳು ಮಗಳನ್ನು ಕೇಳುವ ಮಾತೇ ಅದು?

ಕಿಟಕಿ ತೆರೆದರೆ, ಹೊರಗಿನ ಎಸಿ ಡಬ್ಬಕ್ಕೆ ದಪ್ಪ ಕ್ಯಾನ್ವಾಸಿನ ಅಂಗಿ! ಗುಂಡಿ ಬೇರೆ.

"ಏನೋ ಇದು?"

"ಬಿಸಿಲು ಹೊಡೀಬಾರದು ಅಂತ ಹೊಲಿದೆ. ಎಸಿ ಓಡ್ತಾ ಇದೆಯಲ್ಲಕ್ಕಾ!"

"ಓಡಿದ್ರೆ ಸಾಕೇನೋ? ಬಿಸಿ ಉಗುಳೋ ಡಬ್ಬದ ಬಾಯಿಗೇ ಬಟ್ಟೆ ಕಟ್ಟಿದ್ದೀಯ. ಒಳಗಿನ ಬಿಸಿ ಎಲ್ಲಿಗೆ ಹೋಗ್ಬೇಕು, ನಿನ್ನ ತಲೆ ಮೇಲಾ? ಮೊದಲು ಆಂಬುಲೆನ್ಸ್‌ಗೆ ಫೋನ್ ಮಾಡು!"

ಫೋನ್ ಮಾಡಿ, ನೀರಿನ ಲೋಟ ಹಿಡಿದು ಬಂದ. ಕಿತ್ತುಕೊಂಡೆ. ಮಂಪರಿನಲ್ಲಿರುವವರಿಗೆ ಕುಡಿಸಿದರೆ ನೀರು ಉಸಿರಿನ ದಾರಿಗೆ ಹೋದೀತು. ಇಬ್ಬರೂ ಅಮ್ಮನನ್ನು ಮುಂದಿನ ಕೋಣೆಗೆ ಎತ್ತಿ ತಂದೆವು. ಹೊಲಿಯಲು ಇಟ್ಟಿದ್ದ ಹೊಸ ಬಟ್ಟೆಯನ್ನೇ ತಣ್ಣೀರಿಗೆ ಅದ್ದಿ ಅವಳ ಮೈಮೇಲೆ ಹಾಸಿದೆ.

"ಅಯ್ಯೋ, ಅದು ಗಿರಾಕೀದು..."

ನಾನು ನೋಡಿದ ನೋಟಕ್ಕೆ ಗಾಳಿ ಬೀಸತೊಡಗಿದ. ಆಂಬುಲೆನ್ಸ್ ಬರುವ ತನಕ ಬಟ್ಟೆಗೆ ನೀರು ಹಾಕುತ್ತಲೇ ಇದ್ದೆ.

ಅಮ್ಮ ಉಳಿದಳು. ಆಸ್ಪತ್ರೆಯಲ್ಲಿ ನನ್ನ ಗುರುತು ಹಿಡಿದವಳು ಮೊದಲು ಕೇಳಿದ್ದು, "ಅವನಿಗೆ ಬೈದ್ಯಾ?"

"ಬೈದೆ."

"ಇನ್ನೂ ಸ್ವಲ್ಪ ಬೈ. ಬೆಳಗ್ಗೆನೇ ಸೆಕೆ ಕಣೋ ಅಂತ ಕೂಗಿದೆ. ಎಸಿಲಿ ಮಲಗಿ ಸೆಕೆ ಅಂತೀಯಲ್ಲಮ್ಮಾ ಅಂತ ನಕ್ಕುಬಿಟ್ಟ."

ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ತಮ್ಮ ಹೊರಟ. ಮನೆಗೆ ಹೋದವನೇ ಡಬ್ಬದ ಅಂಗಿ ಬಿಚ್ಚಿ, ಬಿಸಿಲು ಬೀಳುವ ಕಿಟಕಿಗೆ ಪರದೆ ಮಾಡಿದ. ರಿಪೇರಿಯವನನ್ನು ಕರೆಸಿದ. ಎಸಿ ಸರಿಯಾಗುವವರೆಗೆ ಅಮ್ಮನ ಮಂಚ ಅವನ ಯಂತ್ರದ ಪಕ್ಕದಲ್ಲೇ ಇತ್ತು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ನಿಮಗೂ ಹೇಳುತ್ತಿದ್ದೇನೆ. ಓಡುವ ಎಸಿಯ ಹೊರಗಿನ ಡಬ್ಬಕ್ಕೆ ಏನನ್ನೂ ಹೊದಿಸಬೇಡಿ. ಕೋಣೆಯೊಳಗಿನ ಎಸಿಯ ಜಾಲರಿಯ ಧೂಳು ಆಗಾಗ ತೆಗೆಯಿರಿ. ತಂಪು ಬರದಿದ್ದರೆ ಎಸಿ ನಿಲ್ಲಿಸಿ, ಮನೆಯವರನ್ನು ಗಾಳಿಯಾಡುವ ಕಡೆ ಕರೆತನ್ನಿ. ಮೈ ಸುಡುತ್ತ ಏನೇನೋ ಮಾತಾಡಿದರೆ ಮೈ ಒದ್ದೆ ಮಾಡಿ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಹಿರಿಯರು ಸೆಕೆ ಎಂದರೆ ನಗಬೇಡಿ. ಎಸಿಯ ಸದ್ದು ಕೇಳಿ ಸುಮ್ಮನಾಗಬೇಡಿ, ಒಳಗೆ ಹೋಗಿ ಅವರ ಮೈ ಮುಟ್ಟಿ ನೋಡಿ.

ಈಗಲೇ ಏಳಿ. ನೀವು ಓದುತ್ತಿರುವ ಈ ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ.