ಹೊಟ್ಟೆಯೊಳಗಿನ ಹೆಸರು

ಮಸಿ ಅರೆದು ಹದಕ್ಕೆ ಬಂದಿತ್ತು. ಮಾವ ಕುಂಚವನ್ನು ಅದ್ದಿದರು, ಮೇಲೆತ್ತಿದರು, ಮತ್ತೆ ಅದ್ದಿದರು. ಬರೆದು ಮುಗಿಸಬಾರದೇ ಎಂದು ರುಯಿಲಾನ್ ಒಳಗೊಳಗೇ ಚಡಪಡಿಸಿದಳು.

ಮೇಜಿನ ಮೇಲೆ ಏಳು ತಂತಿಯ ಗುಚಿನ್ ವಾದ್ಯದ ಮೇಲ್ಹಲಗೆ, ತೋಡಿದ ಹೊಟ್ಟೆಯನ್ನು ತೋರಿಸುತ್ತ ಅಂಗಾತ ಬಿದ್ದಿತ್ತು. ಪಕ್ಕದಲ್ಲಿ ಕೆಳಹಲಗೆ, ಅದರ ನಡುವೆ ಉದ್ದನೆಯ ನಾದದ ಕಿಂಡಿ. ಎರಡನ್ನೂ ಮರದ ಹಾಲಿನ ಅಂಟಿನಿಂದ ಕೂಡಿಸಿ ಹಗ್ಗ ಬಿಗಿದರೆ ಮುಗಿಯಿತು, ಒಳಗಿರುವುದು ಒಳಗೇ. ಅದಕ್ಕೇ ಮುಚ್ಚುವ ಮೊದಲು ಮಾಡಿದವನು ಕಿಂಡಿಯ ನೇರಕ್ಕೆ ತನ್ನ ಹೆಸರು ಬರೆಯಬೇಕು. ಕೊಳ್ಳಲು ಬಂದವರು ಮೊದಲು ವಾದ್ಯವನ್ನು ಮಗುಚಿ, ಕಿಂಡಿಗೆ ಕಣ್ಣಿಟ್ಟು ಆ ಹೆಸರು ಓದುತ್ತಾರೆ. ತಂತಿ ಮೀಟುವುದೆಲ್ಲ ಆಮೇಲೆ. ಯಾಂಗ್‌ಚೌನಲ್ಲಿ ಮಾವನ ಹೆಸರಿಗೆ, ತೋಂಗ್ ದೆಶಾನ್ ಎಂಬ ಮೂರು ಚೀನೀ ಅಕ್ಷರಕ್ಕೆ, ನಲವತ್ತು ವರ್ಷಗಳಿಂದ ಬೆಲೆಯಿದೆ.

ಆದರೆ ಈ ಹಲಗೆಯಲ್ಲಿ ಮಾವನ ಕೈ ಎಷ್ಟಿತ್ತು? ಕೆಡವುತ್ತಿದ್ದ ಹಳೆಯ ಉಗ್ರಾಣದ ತೊಲೆಗಳನ್ನು ಒಂದೊಂದಾಗಿ ತಟ್ಟಿ ನೋಡಿ ಇದನ್ನು ಆರಿಸಿದವಳು ರುಯಿಲಾನ್. ತೋಡಿದವಳೂ ಅವಳೇ. ಹಲಗೆ ಎಷ್ಟು ತೆಳುವಾದರೆ ಸಾಕು ಎಂದು ಹೇಳುವುದು ಕಿವಿ, ಅಳತೆಗೋಲಲ್ಲ. ಮಾವನ ಕಿವಿ ಎರಡು ವರ್ಷದ ಹಿಂದೆಯೇ ಕೈಕೊಟ್ಟಿತ್ತು. ಇನ್ನು ಅವಳ ಗಂಡ, ಈ ಕಸುಬಿಗೆ ಕೂತ ವಾರದಲ್ಲೇ ಮರದ ಹಾಲು ತಾಗಿ, ಮೈಯೆಲ್ಲ ಕೆರೆದುಕೊಂಡು ಓಡಿಹೋಗಿ ಬಸ್ ಡ್ರೈವರ್ ಆದವನು. ಮೊದಮೊದಲು ಅವಳ ಮುಖವೂ ಕುಂಬಳಕಾಯಿಯಂತೆ ಊದಿಕೊಂಡಿತ್ತು. ಅವಳು ಓಡಲಿಲ್ಲ.

ಇದೊಂದರಲ್ಲಾದರೂ ತನ್ನ ಹೆಸರಿರಲಿ ಎಂದು ಅವಳಿಗೆ ಬಹಳ ಆಸೆ. ಆದರೆ ಕೇಳುವುದು ಹೇಗೆ? ಮಾವನಿಗೆ ಏನು ಹೇಳಬೇಕಾದರೂ ಕಿರುಚಬೇಕು. ನನ್ನ ಹೆಸರು ಹಾಕಿ ಎಂದು ಕಿರುಚಿದರೆ ಎದುರುಮನೆಯ ಟೋಫು ಮಾರುವವಳಿಂದ ಹಿಡಿದು ಕಾಲುವೆ ದಡದವರೆಗೂ ಕೇಳಿಸುತ್ತದೆ. ಹಾಗಾಗಿ ನಾಲ್ಕು ತಿಂಗಳಿಂದ ಮಾತನ್ನು ನುಂಗಿಕೊಂಡೇ ಇದ್ದಳು.

ಮಾವ ಕೊನೆಗೂ ಬಗ್ಗಿ ಬರೆದರು. ರುಯಿಲಾನ್ ನೋಡಿದಳು, ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಹೆಸರು ಕಿಂಡಿಯ ನೇರಕ್ಕಿರಲಿಲ್ಲ. ಹಲಗೆಯ ತುದಿಯಲ್ಲಿ, ಮೂಲೆಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿತ್ತು. ಕಿವಿಯ ಜೊತೆಗೆ ಕಣ್ಣೂ ಹೋಯಿತೇ? ಸುಮ್ಮನಿದ್ದರೆ ಕಿಂಡಿಯ ಜಾಗ ಖಾಲಿ ಉಳಿಯುತ್ತದೆ ಎಂಬ ಯೋಚನೆಯೂ ಹಿಂದೆಯೇ ಬಂತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು.

"ಮಾವ! ತಪ್ಪಾಯ್ತು! ಅಲ್ಲಿ ಬರೆದ್ರೆ ಕಿಂಡೀಲಿ ಕಾಣ್ಸಲ್ಲ!"

"ಏನು?"

"ನಿಮ್ ಹೆಸ್ರು! ಕಾಣ್ಸಲ್ಲಾ ಅಂದೆ!"

"ಗೊತ್ತಮ್ಮ, ಯಾಕ್ ಹಂಗ್ ಕಿರುಚ್ತೀಯ? ನಾನೇನ್ ಕುರುಡನಾ?" ಎಂದರು ಮಾವ. "ನಿನ್ನ ಮದುವೆ ಆದ ವರ್ಷ ಒಂದು ಗುಚಿನ್ ರಿಪೇರಿಗೆ ಬಂದಿತ್ತಲ್ಲ, ನಾನೂರು ವರ್ಷದ್ದು? ಬಿಚ್ಚಿದಾಗ ಮೂಲೇಲಿ ಒಬ್ಬನ ಹೆಸರಿತ್ತು. ಜ್ಞಾಪಕ ಇದ್ಯಾ?"

ಅವಳು ತಲೆಯಾಡಿಸಿದಳು. ಆ ದಿನ ಮಾವ ಊಟ ಬಿಟ್ಟು, ಎಂದೋ ಸತ್ತ ಆ ಮನುಷ್ಯನ ಉಳಿಯ ಗೆರೆಗಳನ್ನು ಸವರುತ್ತ ಅವನನ್ನು ಹೊಗಳಿಯೇ ಹೊಗಳಿದ್ದರು.

"ನನ್ನನ್ನೂ ಹಾಗೇ, ಮುಂದೆ ಯಾವನೋ ಬಿಚ್ಚಿದಾಗ ನೋಡ್ಲಿ ಬಿಡು. ಈಗ ಕಿಂಡೀಲಿ ಇಣುಕೋರಿಗೆ, ಕಿವಿ ಯಾರದ್ದೋ ಅವರ ಹೆಸರು ಕಾಣ್ಬೇಕು. ಹಿಡಿ ಇದನ್ನ."

ಕುಂಚದ ಹಿಡಿ ಅವಳ ಕಡೆಗೆ ತಿರುಗಿತ್ತು.

"ನನ್ನ ಅಕ್ಷರ ಚೆನ್ನಾಗಿಲ್ಲ ಮಾವ" ಎಂದಳು, ಕಿರುಚದೆ. ಅವರಿಗೆ ಕೇಳಿಸಲಿಲ್ಲ.

"ಕೋಳಿ ಕೆದರಿದ ಹಾಗೆ ಬರೀಬೇಡ, ಅಷ್ಟೇ" ಎಂದರು.

ಅವಳು ಬರೆದಳು. ತವರಿನ ಮನೆತನದ ಹೆಸರು ಮೊದಲು, ಆಮೇಲೆ ತನ್ನದು: ಶಿ ರುಯಿಲಾನ್. ಕೊನೆಯ ಗೀಟು ಸ್ವಲ್ಪ ವಾಲಿತು. ಅವಳಿಗೆ ಆದ ಸಂತೋಷ ಎಷ್ಟೆಂದರೆ ಕಣ್ಣು ತುಂಬಿ ಬಂತು. ಹನಿ ಮಸಿಯ ಮೇಲೆ ಬಿದ್ದರೆ ಕಷ್ಟ ಎಂದು ತಟ್ಟನೆ ಮುಖ ಹಿಂದಕ್ಕೆಳೆದುಕೊಂಡಳು.

ಅಷ್ಟರಲ್ಲಿ ಒಲೆ ಬೀಸುವ ಬೀಸಣಿಗೆ ಹಿಡಿದೇ ಅತ್ತೆ ಬಾಗಿಲಿಗೆ ಬಂದರು. ಆ ಮನೆಯಲ್ಲಿ ನೂಡಲ್ಸ್ ತಣ್ಣಗಾಗಲು ಬಿಡುವುದಕ್ಕಿಂತ ದೊಡ್ಡ ಅಪರಾಧ ಇರಲಿಲ್ಲ.

"ಎಷ್ಟು ಸಲ ಕರೀಬೇಕು ನಿಮ್ಮನ್ನ? ಇವರಿಗಂತೂ ಕಿವಿ ಇಲ್ಲ, ನಿಂಗೇನಾಗಿದೆಯೇ?"

ಬೈಯುತ್ತಲೇ ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದರು. ಅಕ್ಷರ ಅಕ್ಷರವಾಗಿ ತುಟಿ ಅಲುಗಿಸುತ್ತ ಓದಿದರು.

"ಇನ್ನೂ ಹಸಿ ಇದೆಯಲ್ಲೇ" ಎಂದರು. "ಒಣಗೋ ತನಕ ಮುಚ್ಚೋ ಹಾಗಿಲ್ಲ ಅಲ್ವಾ?"

"ಇಲ್ಲ ಅತ್ತೆ."

ಅತ್ತೆ ಸ್ಟೂಲು ಎಳೆದುಕೊಂಡು ಕೂತರು. ಸೊಸೆಯ ಹೆಸರಿನ ಮೇಲೆ ಬೀಸಣಿಗೆಯನ್ನು ಮೆಲ್ಲಗೆ ಬೀಸತೊಡಗಿದರು. ಅಡುಗೆಮನೆಯಲ್ಲಿ ಮೂರು ಬಟ್ಟಲು ನೂಡಲ್ಸ್ ತಣ್ಣಗಾಗುತ್ತಿತ್ತು.