ತೋಡು ಅನ್ನುವ ಮಾತು

ಚಿನ್ನದ ಗಣಿಯ ಕೆಲಸ ಬಿಟ್ಟ ಮೇಲೆ ಕೋದಂಡಪ್ಪ ಬಾವಿ ತೋಡುವ ಕೆಲಸ ಹಿಡಿದ. ಬಿಟ್ಟಿದ್ದು ಯಾರ ಮೇಲಿನ ಸಿಟ್ಟಿಗೂ ಅಲ್ಲ. ಒಂದು ದಿನ ನೆಲದ ಆಳದಲ್ಲಿ ಬಂಡೆ ತಾನಾಗಿ ಸಿಡಿದು, ಅವನ ಪಕ್ಕದಲ್ಲೇ ನಿಂತು ಕಲ್ಲು ಕೊರೆಯುತ್ತಿದ್ದ ಕದಿರಪ್ಪ ಅಲ್ಲೇ ಮುಚ್ಚಿಹೋದ. ಮೈಮೇಲೆ ಒಂದು ಗೀರೂ ಇಲ್ಲದೆ ಮೇಲೆ ಬಂದ ಕೋದಂಡಪ್ಪ ಮತ್ತೆ ಕೆಲಸಕ್ಕೆ ಹೋದಾಗ, ಆಳುಗಳನ್ನು ಕೆಳಗಿಳಿಸುವ ಕಬ್ಬಿಣದ ಪಂಜರದ ಮುಂದೆ ನಿಂತುಬಿಟ್ಟ. ಕಾಲು ಮುಂದಕ್ಕೆ ಹೋಗಲಿಲ್ಲ. ಹಿಂದೆ ಇದ್ದವರು ಪಕ್ಕದಿಂದ ದಾಟಿ ಹೋದರು. ಅಂಥದ್ದು ಅವರೂ ಕಂಡದ್ದೇ.

ಅವನು ಬೌರಿಂಗ್‌ಪೇಟೆ ಹತ್ತಿರದ ಹಳ್ಳಿಯವನು. ಈಗ ಆ ಪೇಟೆಯನ್ನು ಬಂಗಾರಪೇಟೆ ಅನ್ನುತ್ತಾರೆ. ಊರಿಗೆ ಬಾ ಎಂದು ತಾಯಿ ಗಂಗರತ್ನಮ್ಮ ಹೇಳಿ ಕಳಿಸುತ್ತಲೇ ಇದ್ದಳು. ಆದರೆ ಅದಿರು ಕುಟ್ಟುವ ಯಂತ್ರಗಳ ಸದ್ದು ಇಲ್ಲದ ಕಡೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಗಾಳಿ ಎದ್ದಾಗ ಬೆಳ್ಳಗಿನ ಗಣಿಮಣ್ಣಿನ ದಿಬ್ಬಗಳು ಹೊಗೆಯಾಡಿ, ಗಣಿಯ ಊರಾದ ಊರಿಗಾಂನ ಮನೆಸಾಲುಗಳೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ ಮಸುಕಾಗುತ್ತಿದ್ದವು. ಆ ಮಸುಕಿನಲ್ಲಿ ನಡೆಯುವಾಗ ಕದಿರಪ್ಪ ಸ್ವಲ್ಪ ಮುಂದೆ ಹೋಗುತ್ತಿದ್ದಾನೆ ಅನ್ನಿಸುತ್ತಿತ್ತು. ಅದು ಅವನಿಗೆ ಬೇಕಾಗಿತ್ತು. ತಲೆಯೆತ್ತಿದರೆ ಆಕಾಶ ಕಾಣುವಂತಿದ್ದರೆ ಎಂಥ ಗುಂಡಿಗೂ ಇಳಿಯಬಲ್ಲೆ ಎಂದು ಗೊತ್ತಾದ ಮೇಲೆ ಬಾವಿಗಳೇ ಅವನ ಬದುಕಾದವು.

ಆಂಡರ್ಸನ್‌ಪೇಟೆ ದಾಟಿದ ಮೇಲೆ, ಹುಣಸೆಮರದ ಪಕ್ಕ ಮುತ್ಯಾಲಮ್ಮನ ಮನೆ. ಅವಳ ಗಂಡ ಎದೆರೋಗದಲ್ಲಿ ತೀರಿಕೊಂಡು ಬಹಳ ಕಾಲವಾಗಿತ್ತು. ಕಣ್ಣು ಮಂಜಾದ ಅಪ್ಪ ಮುನಿಸ್ವಾಮಪ್ಪನನ್ನು ಇಟ್ಟುಕೊಂಡು, ಎಮ್ಮೆ ಸಾಕಿ, ಗಣಿಯವರ ಮನೆಸಾಲುಗಳಲ್ಲಿ ಮೊಸರು ಮಾರುತ್ತಿದ್ದಳು. ಕುಪ್ಪಂ ಕಡೆಯವರು, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎಲ್ಲ ಮಾತೂ. ಎಮ್ಮೆಗೆ ನೀರು ಹೊತ್ತು ಹೊತ್ತು ಸಾಕಾಗಿ ಬಾವಿ ತೋಡಿಸಲು ಕೋದಂಡಪ್ಪನನ್ನು ಕರೆಸಿದಳು.

ಮೊದಮೊದಲು ಮೇಲೆ ಹಗ್ಗ ಹಿಡಿದು ಮಣ್ಣಿನ ಮಂಕರಿ ಎಳೆಯಲು ಒಬ್ಬ ಆಳಿದ್ದ. ಅವನಿಗೆ ಜ್ವರ ಬಂದು ಊರಿಗೆ ಹೋದ. ಮುತ್ಯಾಲಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಹಗ್ಗ ಹಿಡಿದಳು. ಮಣ್ಣು ಮುಗಿದು ಕಲ್ಲು ಶುರುವಾಯಿತು. ಕಲ್ಲು ಬಂದರೆ ತೋಡುವವರು ಕೈಬಿಟ್ಟು ಹೋಗುವುದನ್ನು ಅವಳು ಬೇರೆಯವರ ಹಿತ್ತಲಿನಲ್ಲಿ ನೋಡಿದ್ದಳು. ನೀನೂ ಹಾಗೇನಾ ಎಂದು ಬಾವಿಯೊಳಕ್ಕೆ ಬಗ್ಗಿ ಕೇಳಿದಳು.

ಕೋದಂಡಪ್ಪ ಹಾರೆ ಊರಿ ನಿಂತು ತಲೆಯೆತ್ತಿದ. ದುಂಡಗಿನ ಆಕಾಶದ ನಡುವೆ ಅವಳ ಮುಖ, ಅದರ ಹಿಂದೆ ಬಿಸಿಲು.

"ಬಿಟ್ಟೋಗೋನಲ್ಲ ನಾನು. ಯುಗಾದಿ ಒಳಗೆ ತೋಡಿರ್ತೀನಿ" ಅಂದ.

ಮೇಲೆ ಹುಣಸೆಮರದ ಕೆಳಗೆ ಕೂತಿದ್ದ ಮುನಿಸ್ವಾಮಪ್ಪನಿಗೂ ಆ ಮಾತು ಕೇಳಿಸಿತು. ಅವಳ ಮುಖ ಅಪ್ಪನ ಕಡೆ ತಿರುಗಿ, ಆಮೇಲೆ ಮರೆಯಾಯಿತು.

ಮಾರನೆಯ ದಿನದಿಂದ ಮನೆಯ ರೀತಿ ಬೇರೆಯಾಯಿತು. ಹುಣಸೆಮರದ ಕೆಳಗೆ ಎಲೆಯಲ್ಲಿ ಸಿಗುತ್ತಿದ್ದ ಮುದ್ದೆ ಒಳಗೆ ಮಣೆಯ ಮುಂದೆ, ತಟ್ಟೆಯಲ್ಲಿ ಬಂತು. ಮುನಿಸ್ವಾಮಪ್ಪ ಅವನನ್ನು ಹತ್ತಿರ ಕೂರಿಸಿಕೊಂಡು, ತಾಯಿ ಇದ್ದಾಳಾ, ನಿಮ್ಮಲ್ಲಿ ಗಂಡ ಸತ್ತವಳಿಗೆ ಕೂಡಾವಳಿ ಮದುವೆ ಒಪ್ಪುತ್ತಾರಾ ಎಂದೆಲ್ಲ ವಿಚಾರಿಸಿದ. ಮುದುಕನಿಗೆ ಹೊತ್ತು ಹೋಗದೆ ಮಾತಾಡುತ್ತಾನೆ ಅಂದುಕೊಂಡು ಕೋದಂಡಪ್ಪ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಮಂಕರಿ ಮೇಲೆ ಹೋಗುವಾಗ ಹಗ್ಗ ಅವಸರವಿಲ್ಲದೆ ಸರಿಯುತ್ತಿತ್ತು. ಬಾವಿಯ ತಳದಲ್ಲಿ ತಂಪಿತ್ತು. ದೂರದ ಯಂತ್ರದ ಸದ್ದು ಕಲ್ಲಿನೊಳಗಿಂದ ಬಂದು ಅಂಗಾಲಿಗೆ ತಾಗುತ್ತಿತ್ತು. ಎಷ್ಟೋ ಕಾಲದ ಮೇಲೆ ಅವನು ಕದಿರಪ್ಪನನ್ನು ನೆನೆಯದೆ ಮಧ್ಯಾಹ್ನ ಕಳೆದ.

ಮೊಸರಿಗೆ ಬರುತ್ತಿದ್ದ ಮಾರಿಯಮ್ಮ ಒಂದು ಬೆಳಿಗ್ಗೆ ಅವನನ್ನು ಬಾವಿಯ ಹತ್ತಿರ ಹಿಡಿದಳು. ಅವಳು ಕೋರಮಂಡಲ್ ಗಣಿ ಕಡೆಯ ತಮಿಳಿನವಳು. ತನ್ನ ಕಿವಿ ಮುಟ್ಟಿಕೊಂಡು, ತೋಡು ಕೊಡ್ತೀನಿ ಅಂದಿದ್ದೀಯಂತಲ್ಲ, ಚಿನ್ನದ್ದೋ ಬೆಳ್ಳಿಯದೋ ಎಂದು ನಕ್ಕಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಆಗ ಅವಳು ಬಿಡಿಸಿ ಹೇಳಿದಳು: ತಮ್ಮಲ್ಲಿ ತೋಡು ಅಂದರೆ ಕಿವಿಯ ಓಲೆ, ಮುತ್ಯಾಲಮ್ಮನ ತೆಲುಗಿನಲ್ಲಿ ಜತೆ, ಆಸರೆ, ಒಬ್ಬರಿಗೊಬ್ಬರು ಇರುವುದು. ನೀನು ತೋಡಾಗಿ ಇರುತ್ತೀನಿ ಅಂದೆಯಂತೆ. ಅಪ್ಪ ಮಗಳು ಯುಗಾದಿಗೆ ಕಾಯುತ್ತಿದ್ದಾರೆ.

ಕೋದಂಡಪ್ಪ ಅವತ್ತು ಬಾವಿಗಿಳಿಯಲಿಲ್ಲ. ಬೆಳ್ಳಗಿನ ದಿಬ್ಬದ ಕಡೆ ನಡೆದು, ಅದರ ನೆರಳಿನಲ್ಲಿ ಕೂತ. ತೋಡಿರ್ತೀನಿ ಎಂದು ತಾನು ಹೇಳಿದ್ದು ಗುದ್ದಲಿಯ ಮಾತು. ಅವಳು ಕೇಳಿಸಿಕೊಂಡದ್ದು ಮನೆಯ ಮಾತು. ಸುಮ್ಮನಿದ್ದುಬಿಟ್ಟರೆ ಎಲ್ಲ ತಾನಾಗಿ ನಡೆದುಹೋಗುತ್ತದೆ. ಸುಮ್ಮನಿರಬೇಕು ಅನ್ನಿಸುವುದನ್ನು ಕಂಡು ಅವನಿಗೇ ಸೋಜಿಗವಾಯಿತು. ಆದರೆ ಹೇಳದ ಮಾತಿಗೆ ಅವಳು ಜೀವನವಿಡೀ ನಂಬಿಕೆ ಇಟ್ಟರೆ, ತನ್ನ ಮುಂದೆ ಬಡಿಸುವ ಪ್ರತಿ ತುತ್ತೂ ಬೇರೆ ಯಾರದೋ ಪಾಲಿನದು ಅನ್ನಿಸೀತು. ಬಿಸಿಲು ಇಳಿಯುವಾಗ ಎದ್ದು ಬಂದ. ಮುತ್ಯಾಲಮ್ಮ ಹಾಲು ಕಾಯಿಸಿ ಆರಲು ಇಟ್ಟಿದ್ದಳು.

"ಮುತ್ಯಾಲಮ್ಮ, ಅವತ್ತು ನಾನಂದಿದ್ದು ಬಾವಿ ಮಾತು. ತೋಡಿ ಮುಗಿಸ್ತೀನಿ ಅಂತ, ಅಷ್ಟೇಯ. ಬೇರೆ ಅರ್ಥ ಐತೆ ಅಂತ ನಂಗೊತ್ತಿರ್ಲಿಲ್ಲ."

ಅವಳು ಹಾಲಿನ ಮೇಲೆ ಕೈಯಾಡಿಸಿ ಬಿಸಿ ನೋಡಿದಳು.

"ನಂಗೊತ್ತಿತ್ತು ಕಣಪ್ಪ. ಇಷ್ಟು ವರ್ಷ ಕನ್ನಡದೋರ ಬೀದಿಯಾಗೆ ಮೊಸರು ಮಾರಿವ್ನಿ, ನಿನ್ನ ಮಾತು ತಿಳಿಯಾಕಿಲ್ವಾ? ಅಪ್ಪಂಗೆ ತಪ್ಪು ಕೇಳಿಸ್ತು, ತುಂಬಾ ಖುಸಿಪಟ್ಟ. ನಾನು ತಿದ್ದಲಿಲ್ಲ."

"ಯಾಕೆ?"

"ಕೇಳೋಕೆ ಚೆನ್ನಾಗಿತ್ತು."

ಅವನು ಹೊಸ್ತಿಲಲ್ಲಿ ಕೂತ. ಅವಳು ಹಳೆಯ ಮೊಸರಿನ ಒಂದು ಚಮಚ ತೆಗೆದು ಹಾಲಿಗೆ ಬಿಟ್ಟಳು. ನೀವು ಹೆಪ್ಪು ಅನ್ನುವುದನ್ನೂ ನಾವು ತೋಡು ಅಂತಲೇ ಅನ್ನುತ್ತೇವೆ ಎಂದು, ಅವನಿಗೋ ಪಾತ್ರೆಗೋ ಹೇಳಿದ ಹಾಗೆ ಹೇಳಿದಳು. ಬಾವಿಯಿಂದ ನೀರು ಸೇದುವುದಕ್ಕೂ ಅದೇ ಮಾತಂತೆ. ಒಳಗೆ ಗೋಡೆಗೊರಗಿ ಕೂತಿದ್ದ ಮುನಿಸ್ವಾಮಪ್ಪ ಎಲ್ಲ ಕೇಳಿಸಿಕೊಂಡಿದ್ದ. ಮುದುಕ ನಾಚಿಕೊಳ್ಳಲಿಲ್ಲ. ಹಿಂದಿನ ಕಾಲದಲ್ಲಿ ಬಾವಿಗೆ ಇಬ್ಬರು ಬೇಕಾಗಿತ್ತು, ಒಬ್ಬ ಕೆಳಗೆ, ಒಬ್ಬ ಮೇಲೆ. ಕೆಳಗಿನವನು ಮಾಡಿದ್ದು ತೋಡು, ಮೇಲಿನವನು ಆಗಿದ್ದೂ ತೋಡು, ಆಮೇಲೆ ಕನ್ನಡದವರು ಕೆಳಗಿನದನ್ನು ಇಟ್ಟುಕೊಂಡರು, ನಾವು ಮೇಲಿನದನ್ನು ಎಂದು ವಾದ ಮಾಡಿದ. ಅದು ಅವನು ಆ ಗಳಿಗೆಯಲ್ಲೇ ಕಟ್ಟಿದ್ದು ಎಂಬುದು ಮೂವರಿಗೂ ಗೊತ್ತಿತ್ತು.

ಕೋದಂಡಪ್ಪ ಹೊಸ್ತಿಲಿನಿಂದ ಒಳಕ್ಕೆ ಸರಿದು ಕೂತ. ಕದಿರಪ್ಪನ ವಿಚಾರ ಅವನು ಯಾರ ಹತ್ತಿರವೂ ಆಡಿರಲಿಲ್ಲ. ಅವತ್ತು ಆಡಿದ. ಬಂಡೆ ಸಿಡಿಯುವ ಮೊದಲು ಕದಿರಪ್ಪ ಯಾವುದೋ ನಗೆಮಾತು ಅರ್ಧ ಹೇಳಿದ್ದನ್ನೂ, ಉಳಿದರ್ಧ ಏನಿರಬಹುದು ಎಂದು ತಾನು ಇನ್ನೂ ಹುಡುಕುತ್ತಿರುವುದನ್ನೂ ಹೇಳಿದ. ಮುತ್ಯಾಲಮ್ಮ ಹಾಲಿನ ಪಾತ್ರೆ ಮುಚ್ಚಿಟ್ಟು, ಪಕ್ಕದಲ್ಲೇ ಕೂತು ಕೇಳಿದಳು. ಅವನು ಮುಗಿಸಿ ಏಳುವಾಗ, ಈ ಸಲ ಅರ್ಥ ತಿಳಿದೇ ಒಂದು ಮಾತು ಕೇಳಿದ:

"ನಮ್ಮವ್ವನ್ನ ನೋಡೋಕೆ ಬತ್ತೀಯಾ?"

ಮುಂದಿನ ಸೋಮವಾರ ಇಬ್ಬರೂ ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿದರು. ಮುತ್ಯಾಲಮ್ಮ ಕಿಟಕಿಗೆ ಹಣೆ ಆನಿಸಿ, ಬಿಳಿ ದಿಬ್ಬಗಳು ಸಣ್ಣದಾಗಿ, ರಾಗಿ ಹೊಲಗಳು ಬರುವುದನ್ನು ನೋಡಿದಳು. ಗಂಗರತ್ನಮ್ಮ ಮೊದಲು ಮುಖ ಗಂಟಿಕ್ಕಿದಳು. ಗಂಡ ಸತ್ತವಳು, ಬೇರೆ ಮಾತಿನವಳು ಎಂದು ಅಡುಗೆಮನೆಯಲ್ಲಿ ಗೊಣಗಿದಳು. ಆದರೆ ಮಗ ಅಂಗಳದಲ್ಲಿ ಮಲಗಿ ಸದ್ದಿಲ್ಲದ ಆ ಊರಿನಲ್ಲೂ ಹಾಯಾಗಿ ನಿದ್ದೆ ಹೋಗಿದ್ದನ್ನು ಕಂಡು ಸುಮ್ಮನಾದಳು. ಯುಗಾದಿ ಕಳೆದು, ನಾಲ್ಕು ಜನರ ಮುಂದೆ ಕೂಡಾವಳಿ ಆಯಿತು.

ಬಾವಿ ಮಾತ್ರ ಮುಗಿದಿರಲಿಲ್ಲ. ಕಲ್ಲು ಗಟ್ಟಿಯಿತ್ತು. ಮುಂಗಾರಿನ ಮೋಡ ಕವಿದ ಒಂದು ಬೆಳಿಗ್ಗೆ ಹಾರೆಯ ತುದಿ ಮೆತ್ತಗೆ ಒಳಕ್ಕೆ ಹೋಯಿತು. ಕೋದಂಡಪ್ಪ ಕೂಗಲಿಲ್ಲ. ಬಿರುಕಿನ ಒದ್ದೆ ಮಣ್ಣನ್ನು ಬಾಚಿ ಮಂಕರಿಗೆ ತುಂಬಿ ಹಗ್ಗ ಅಲ್ಲಾಡಿಸಿದ. ಮಂಕರಿ ಎಂದಿಗಿಂತ ಭಾರವಾಗಿ ಮೇಲೇರಿತು; ಅರ್ಧಕ್ಕೆ ಬಂದು ನಿಂತಿತು, ಅವಳ ಕೈಗೆ ತೂಕ ತಿಳಿದಿರಬೇಕು. ಮತ್ತೆ ಏರಿತು. ಕೆಸರಿನ ಹನಿಗಳು ಅವನ ಹಣೆಯ ಮೇಲೆ ಬಿದ್ದವು. ಮೇಲೆ ಓಡಾಟ ಕೇಳಿಸಿತು, ಅಪ್ಪನನ್ನು ಕೈಹಿಡಿದು ಕರೆತರುವ ಸದ್ದು. ಮುದುಕ ತೆಲುಗಿನಲ್ಲಿ ಏನೋ ಅಂದ, ಅವಳೂ ಏನೋ ಅಂದಳು. ಕೋದಂಡಪ್ಪನಿಗೆ ಯಾವ ಮಾತೆಂದು ತಿಳಿಯಲಿಲ್ಲ. ಅವನು ಗೋಡೆಗೊರಗಿ, ನೀರು ಪಾದ ಮುಚ್ಚುವವರೆಗೂ ಅಲ್ಲೇ ನಿಂತಿದ್ದ.